ಕತ್ತರಿಸಿದ ನಾಲಿಗೆ

ಹಿಡಿಕೆಯೇನೋ ಸಲೀಸಾಗಿ ತಿರುಗಿತು. ಬಾಗಿಲು ಮಾತ್ರ ಕೂದಲೆಳೆಯಷ್ಟೂ ಸರಿಯಲಿಲ್ಲ.

ಮೌನಿ ಮೇಸ್ತ್ರಿ ಇನ್ನೊಮ್ಮೆ ತಿರುಗಿಸಿದರು. ಭುಜ ಕೊಟ್ಟು ನೂಕಿದರು. ಗೋಡೆಯಷ್ಟೇ ದಪ್ಪನೆಯ ಬಾಗಿಲು, ಸುತ್ತ ರಬ್ಬರಿನ ಅಂಚು. ಅರವತ್ತರ ಹತ್ತಿರದ ಭುಜಕ್ಕೆಲ್ಲ ಅದು ಸೊಪ್ಪು ಹಾಕುವಂಥದ್ದಲ್ಲ.

"ಹೊರಗಿನ ಚಿಲಕ ಬಿದ್ದಿದೆ," ಎಂದರು.

"ತಾನಾಗೇ ಬೀಳುತ್ತಾ?"

"ಇಲ್ಲಮ್ಮ. ರಿಪೇರಿ ಇದ್ದಾಗ ಯಾರೂ ಒಳಗೆ ಬರಬಾರದು ಅಂತ ಇಟ್ಟಿರೋ ಚಿಲಕ ಅದು. ಎತ್ತಿ, ಕೊಂಡಿಗೆ ಕೂರಿಸಿ, ಏನಾದ್ರೂ ಸಿಗಿಸಬೇಕು. ಕೈ ಬೇಕು ಅದಕ್ಕೆ."

ಅಕ್ಕ ಗಡಿಯಾರ ನೋಡಿಕೊಂಡಳು. ಒಂದೂ ಇಪ್ಪತ್ತು. ಶನಿವಾರ, ಅರ್ಧ ದಿನದ ಕೆಲಸ. ಒಂದಕ್ಕೆಲ್ಲ ಕಾರ್ಖಾನೆ ಖಾಲಿಯಾಗಿತ್ತು. ಇನ್ನು ಈ ಕಡೆ ಜನ ಸುಳಿಯುವುದು ಸೋಮವಾರ ಬೆಳಿಗ್ಗೆ.

ಸೋಮವಾರದ ಮಾತು ಹಾಗಿರಲಿ, ಅವಳಿಗಿದ್ದದ್ದು ನಾಲ್ಕು ಗಂಟೆಯ ಚಿಂತೆ. ಬುಧವಾರ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಪರೀಕ್ಷೆಯ ಕಾರು ಉರುಳಿ ಮೀಸೆ ಡ್ರೈವರ್ ಸತ್ತಿದ್ದ. ಆ ಕಾರಿಗೆ ಪ್ಯಾಡು ಕೂರಿಸಿದ ಫಿಟ್ಟರ್ ಅಕ್ಕನ ಒಡಹುಟ್ಟಿದ ತಮ್ಮ. ತಪ್ಪೆಲ್ಲ ನನ್ನದೇ ಎಂದು ಅವನು ಇವತ್ತು ನಾಲ್ಕಕ್ಕೆ ಠಾಣೆಯಲ್ಲಿ ಸಹಿ ಹಾಕಲಿದ್ದ.

"ನಾನು ಬರೋವರೆಗೂ ಪೆನ್ನು ಮುಟ್ಟಬೇಡ," ಎಂದು ಬೆಳಿಗ್ಗೆ ಅವಳು ಕಣ್ಣು ದೊಡ್ಡದು ಮಾಡಿ ಹೇಳಿ ಬಂದಿದ್ದಳು.

"ನಾಲ್ಕರ ತನಕ ಕಾಯ್ತೀನಿ ಅಕ್ಕ. ಆಮೇಲೆ ನನ್ನ ಬೈಬೇಡ," ಎಂದಿದ್ದ ಅವನು. ಇನ್‌ಸ್ಪೆಕ್ಟರ್ ಮೇಜಿನ ಮೇಲೆ ತಮ್ಮನ ಫೋನು ಚಾರ್ಜಿಗೆ ಬಿದ್ದಿತ್ತು. ಯಾರ್ಯಾರು ಕರೆ ಮಾಡುತ್ತಾರೋ ನೋಡೋಣ ಎಂದು ಆತ ಅದನ್ನು ಆರಿಸದೆ ಇಟ್ಟುಕೊಂಡಿದ್ದ.

ಅಕ್ಕನಿಗೆ ಹೆಸರಿಲ್ಲ ಎಂದಲ್ಲ. ಹತ್ತು ವರ್ಷ ವಿಮೆ ಕಂಪನಿಗೆ ಅಪಘಾತಗಳ ಸುಳ್ಳು ನಿಜ ಬಿಡಿಸಿ ಕೊಟ್ಟು, ಆಮೇಲೆ ಸ್ವಂತ ಬೋರ್ಡು ಹಾಕಿಕೊಂಡ ಮೇಲೆ ಊರಿಗೆಲ್ಲ ಅವಳು ಪತ್ತೇದಾರಿ ಅಕ್ಕ. ಮುಖ ನೋಡಿದರೆ ಸುಳ್ಳು ಗೊತ್ತಾಗುತ್ತದೆ ಎಂಬ ಖ್ಯಾತಿ. ಆ ಖ್ಯಾತಿಯನ್ನು ಅವಳೂ ಸ್ವಲ್ಪ ಮಟ್ಟಿಗೆ ನಂಬಿದ್ದಳು ಎನ್ನುವುದೇ ಈ ಕಥೆಯ ಫಜೀತಿ.

"ಫೋನು?" ಎಂದಳು.

ಇಬ್ಬರೂ ಬಾಗಿಲ ಕಡೆ ನೋಡಿದರು. ಫೋನು ಹೊರಗಿನ ಟ್ರೇಯಲ್ಲಿತ್ತು. ಈ ಕೋಣೆಗೆ ಫೋನು ತರುವಂತಿಲ್ಲ, ಮೈಕಿಗೆ ತೊಂದರೆ. ಸ್ಪ್ಯಾನರು, ಸುತ್ತಿಗೆ ಯಾವುದೂ ತರುವಂತಿಲ್ಲ, ಅಲ್ಲಾಡಿದರೆ ಸದ್ದು. ಅಕ್ಕನ ಹತ್ತಿರ ಇದ್ದದ್ದು ಸೊಂಟದ ಚೀಲದಲ್ಲಿ ಕರವಸ್ತ್ರ ಸುತ್ತಿದ್ದ ಒಂದೇ ಒಂದು ವಸ್ತು, ಉರುಳಿದ ಕಾರಿನಿಂದ ಬಿಚ್ಚಿದ ಬ್ರೇಕ್ ಪ್ಯಾಡು. ಸಂಜೆಯೊಳಗೆ ವಾಪಸ್ ತರುತ್ತೇನೆ ಎಂದು ಇನ್‌ಸ್ಪೆಕ್ಟರನ ಕೈಕಾಲು ಹಿಡಿದು ತಂದಿದ್ದಳು.

ಅವಳು ಬಾಗಿಲಿಗೆ ಬಾಯಿ ಹಚ್ಚಿ ಕೂಗಿದಳು. ಕೂಗು ತುಟಿ ದಾಟಿದಲ್ಲೇ ಉಡುಗಿಹೋಯಿತು. ಗೋಡೆ, ಸೂರು ಎಲ್ಲದರ ಮೇಲೂ ಕೈಯುದ್ದದ ಸ್ಪಂಜಿನ ಬೆಣೆಗಳು. ಆಡಿದ ಮಾತು ಒಂದೂ ಹಿಂದಿರುಗುತ್ತಿರಲಿಲ್ಲ. ಎಂಜಲು ನುಂಗಿದರೆ ಅದು ಕೇಳುತ್ತಿತ್ತು. ತನ್ನ ಎದೆಬಡಿತ ಯಾರೋ ಪಕ್ಕದಲ್ಲಿ ನಿಂತು ನೆಲ ಗುದ್ದಿದ ಹಾಗೆ ಕೇಳುತ್ತಿತ್ತು. ಅಕ್ಕನಿಗೆ ಹೆದರಿಕೆಯಾಯಿತು. ಸುಳ್ಳು ಯಾಕೆ, ಚೆನ್ನಾಗಿಯೇ ಆಯಿತು.

"ಕೂಗಬೇಡಿ," ಎಂದರು ಮೇಸ್ತ್ರಿ. "ಸದ್ದು ಹೊರಗೆ ಹೋಗಬಾರದು, ಒಳಗೆ ಬರಬಾರದು ಅಂತಾನೇ ಕಟ್ಟಿದ್ದು. ನಾನೇ ನಿಂತು ಕಟ್ಟಿಸಿದ್ದು."

"ಬಹಳ ಚೆನ್ನಾಗಿ ಕಟ್ಟಿಸಿದೀರಿ."

ಮೇಸ್ತ್ರಿ ಅದನ್ನು ಹೊಗಳಿಕೆಯೆಂದೇ ತಗೊಂಡರೋ ಏನೋ, ತಲೆ ಆಡಿಸಿದರು. ಮೂವತ್ತು ವರ್ಷ ಅವರು ಮಾಡಿದ್ದು ಒಂದೇ ಕೆಲಸ, ಬ್ರೇಕಿನ ಬಾಯಿ ಮುಚ್ಚಿಸುವುದು. ಮನೆಯಲ್ಲಿ ಕುರ್ಚಿಯ ಕಾಲಿಗೂ ಬಟ್ಟೆ ಸುತ್ತಿದ್ದಾರೆ, ಹೆಂಡತಿಯ ಬಾಯಿಗೆ ಮಾತ್ರ ಇನ್ನೂ ಏನೂ ಸಿಕ್ಕಿಲ್ಲ ಎಂದು ಕಾರ್ಖಾನೆಯವರು ಹಿಂದಿನಿಂದ ನಗುತ್ತಿದ್ದರು. ತಮ್ಮನಿಗೆ ಕೆಲಸ ಕಲಿಸಿದ ಗುರುವೂ ಅವರೇ.

ಅಕ್ಕ ಇವತ್ತು ಬಂದದ್ದು ಅವರನ್ನೇ ಹಿಡಿಯಲು.

ಪಾಸು ಕೊಡಿಸಿದವನು ಅವಳ ಗಂಡ. ಇದೇ ಕಾರ್ಖಾನೆಯ ಉಗ್ರಾಣದಲ್ಲಿ ಅವನ ಕೆಲಸ. "ಶನಿವಾರ ಒಂದರ ಮೇಲೆ ಹೋಗು, ಜನ ಇರಲ್ಲ. ಆ ಮೌನದ ಕೋಣೆ ತೋರಿಸಿ ಅನ್ನು, ಮುದುಕ ಹಿಗ್ಗಿ ಹೀರೇಕಾಯಿ ಆಗ್ತಾನೆ," ಎಂದು ಉಪಾಯ ಹೇಳಿಕೊಟ್ಟವನೂ ಅವನೇ. ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಗಂಡನಿಗೆ ತನ್ನ ಕೆಲಸದಲ್ಲಿ ಇಷ್ಟು ಆಸಕ್ತಿ ಹುಟ್ಟಿತಲ್ಲ ಎಂದು ಅಕ್ಕ ಬೆಳಿಗ್ಗೆ ಒಳಗೊಳಗೇ ಸಂತೋಷಪಟ್ಟಿದ್ದಳು.

"ಯಾರು ಹಾಕಿರಬಹುದು?" ಎಂದಳು.

"ನಾವಿಬ್ರೂ ಇಲ್ಲಿ ಮಾತಾಡೋದು ಯಾರಿಗೆ ಬೇಡವೋ ಅವರು. ನಾನಂತೂ ಯಾರಿಗೂ ಹೇಳಿರಲಿಲ್ಲ. ನೀವು?"

"ನಾನೂ ಯಾರಿಗೂ ಹೇಳಿಲ್ಲ," ಎಂದಳು ಅಕ್ಕ. ಮನೆಯವರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕೋಣೆಯ ನಡುವೆ ಕಬ್ಬಿಣದ ಪೀಠ. ಅದರ ಮೇಲೆ ಟೈರಿಲ್ಲದ ಕಾರಿನ ಚಕ್ರದಂತೆ ಒಂದು ಬ್ರೇಕ್ ಡಿಸ್ಕು, ಅದನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯಲು ಕ್ಯಾಲಿಪರು, ಕ್ಯಾಲಿಪರಿನ ಒಳಗೆ ಎರಡು ಪ್ಯಾಡು. ಮೊಳ ದೂರದಲ್ಲಿ ಕಡ್ಡಿಯ ಮೇಲೊಂದು ಮೈಕು. ಹೊರಗಿನ ಮೋಟಾರು ಡಿಸ್ಕನ್ನು ತಿರುಗಿಸುತ್ತದೆ, ಬ್ರೇಕು ಹಿಡಿಯುತ್ತದೆ, ಮೈಕು ಕೇಳಿಸಿಕೊಳ್ಳುತ್ತದೆ. ಕೆಲಸ ಅಷ್ಟೇ.

ಅಕ್ಕ ಬಗ್ಗಿ ಆ ಪ್ಯಾಡುಗಳನ್ನು ನೋಡಿದಳು. ಒಂದರ ಅಂಚಿನಲ್ಲಿ ಬೆರಳುಗುರಿನಷ್ಟು ಅಗಲದ ತಗಡಿನ ತುಂಡು ಹಿಂದಕ್ಕೆ ಮಡಚಿಕೊಂಡಿತ್ತು.

"ಮೇಸ್ತ್ರಿಗಳೇ, ಇದೇನು?"

ಅವರು ಮೈಕಿನ ಕಡ್ಡಿ ಸರಿಪಡಿಸತೊಡಗಿದರು.

"ಕೇಳಿದ್ದು ಕೇಳಿಸ್ತು ಅಲ್ವಾ? ಈ ಕೋಣೇಲಿ ಕೇಳಿಸಲಿಲ್ಲ ಅನ್ನೋ ಹಾಗಿಲ್ಲ."

"ನಾಲಿಗೆ," ಎಂದರು ಕಡೆಗೆ. "ನಾವು ಹಂಗಂತೀವಿ. ಪ್ಯಾಡು ಸವೆದು ತೆಳುವಾದ ಮೇಲೆ ಈ ತಗಡು ಡಿಸ್ಕಿಗೆ ತಾಗಿ ಕಿರುಚುತ್ತೆ. ಪ್ಯಾಡು ಮುಗೀತು, ಬದಲಾಯಿಸಪ್ಪ ಅಂತ ಡ್ರೈವರಿಗೆ ಹೇಳೋದು ಅದರ ಕೆಲಸ."

"ಅದನ್ನ ಮಡಚಿದ್ದು ಯಾರು?"

"ನಾನು."

ಇಷ್ಟು ಬೇಗ ಒಪ್ಪಿಕೊಂಡರೆ ಪತ್ತೇದಾರಿಕೆಗೆ ಕಳೆಯೇ ಇಲ್ಲ. ಅಕ್ಕ ಕಾದಳು. ಮೇಸ್ತ್ರಿ ಪೀಠದ ಅಂಚಿಗೆ ಕೂತು, ತಮ್ಮ ಎರಡು ಕೈಗಳನ್ನೂ ಬೇರೆಯವರದೋ ಎಂಬಂತೆ ನೋಡಿಕೊಂಡರು.

"ನೋಡಿ ಅಮ್ಮ. ಬ್ರೇಕು ಹಿಡಿದಾಗ ಡಿಸ್ಕೂ ಅದುರುತ್ತೆ, ಪ್ಯಾಡೂ ಅದುರುತ್ತೆ. ಎರಡರ ಅದುರೂ ಒಂದೇ ಶ್ರುತಿಗೆ ಬಿದ್ರೆ ಕಿರುಚು. ನಾನು ಪ್ಯಾಡಿನ ಅಂಚು ಓರೆಯಾಗಿ ಉಜ್ಜಿದೆ, ನಡುವೆ ಸೀಳು ಕೊಟ್ಟೆ, ಬೆನ್ನಿಗೆ ರಬ್ಬರು ಮೆತ್ತಿದ ತಗಡು ಅಂಟಿಸಿದೆ. ಹತ್ತರಲ್ಲಿ ಒಂಬತ್ತು ಸದ್ದು ಹೋಯ್ತು. ಒಂದು ಮಾತ್ರ ಹೋಗಲಿಲ್ಲ. ತಿಂಗಳುಗಟ್ಟಲೆ ಹುಡುಕಿದೆ. ಕಡೆಗೆ ನೋಡಿದ್ರೆ ಈ ನಾಲಿಗೇನೇ. ಇನ್ನೂ ಪ್ಯಾಡು ಹೊಸದು, ಡಿಸ್ಕಿಗೆ ತಾಗೇ ಇಲ್ಲ, ಸುಮ್ಮನೆ ಗಾಳೀಲಿ ನಿಂತು ಅದುರ್ತಾ ಇತ್ತು."

"ಅದಕ್ಕೆ ಮಡಚಿದ್ರಿ."

"ಒಂದು ಸಲ ನೋಡೋಣ ಅಂತ ಮಡಚಿದೆ. ಪರದೆ ಮೇಲೆ ಸದ್ದು ತೋರಿಸೋ ಗೆರೆ ನೆಲಕ್ಕೆ ಮಲಗಿತು. ಮೂವತ್ತು ವರ್ಷದಲ್ಲಿ ಅಂಥ ಮೌನ ನಾನು ಕೇಳಿರಲಿಲ್ಲ." ಅವರ ದನಿ ತಗ್ಗಿತು. "ಆಮೇಲೆ ಅದೇ ಅಭ್ಯಾಸ ಆಯ್ತು. ಪರೀಕ್ಷೆಗೆ ಮುಂಚೆ ಮಡಚೋದು, ಮುಗಿದ ಮೇಲೆ ನೆಟ್ಟಗೆ ಮಾಡೋದು. ಪ್ಯಾಡು ಪಾಸು ಅಂತ ಬರೆದುಕೊಟ್ಟೆ."

ಅಕ್ಕನ ಮೈ ಬಿಸಿಯೇರಿತು. "ಅಂದ್ರೆ ಸದ್ದು ಕಮ್ಮಿ ಮಾಡೋ ಹುಚ್ಚಲ್ಲಿ, ಇರಬೇಕಾದ ಸದ್ದನ್ನೇ ಕೊಂದ್ರಿ. ಫಿಟ್ಟರುಗಳ ಪದ್ಧತಿ ನಿಮಗೆ ಗೊತ್ತು. ಪ್ಯಾಡಿನ ದಪ್ಪ ಅಳೆಯೋದಕ್ಕಿಂತ ಕಿವಿಗೇ ಅವರು ಬೆಲೆ ಕೊಡೋದು. ನಾಲಿಗೆ ಕೂಗಲಿಲ್ಲ ಅಂದ್ರೆ ಪ್ಯಾಡು ಇದೆ ಅಂತಲೇ ಲೆಕ್ಕ. ನನ್ನ ತಮ್ಮ ಹಂಗೇ ನಂಬಿ ಒಂದು ಸಲ ಅಳೆಯೋದು ಬಿಟ್ಟ. ಪ್ಯಾಡು ಕಬ್ಬಿಣದ ತನಕ ಸವೆದು, ಇಳಿಜಾರಲ್ಲಿ ಮೀಸೆ ಡ್ರೈವರು ಬ್ರೇಕು ತುಳಿದ್ರೆ ಏನೂ ಇಲ್ಲ. ಎರಡು ಹೆಣ್ಣುಮಕ್ಕಳು ಅವನಿಗೆ. ನೀವು ಇಲ್ಲಿ ಮೌನ ಕೇಳ್ತಾ ಕೂತಿದ್ರಿ."

"ಬುಧವಾರದಿಂದ ನಿದ್ದೆ ಮಾಡಿಲ್ಲ," ಎಂದರು ಮೇಸ್ತ್ರಿ. "ನೀವು ಬರ್ತೀನಿ ಅಂದಾಗ ಹೇಳಿಬಿಡೋಣ ಅಂತಲೇ ಕಾದಿದ್ದೆ. ಆದ್ರೆ ಒಂದು ಮಾತು. ಆ ಕಾರಿನ ಪ್ಯಾಡು ತಂದಿದೀನಿ ಅಂದ್ರಲ್ಲ, ಕೊಡಿ ನೋಡೋಣ."

ಅವಳು ಕರವಸ್ತ್ರ ಬಿಚ್ಚಿದಳು. ಸುಟ್ಟು ನೀಲಿಗಟ್ಟಿದ ಉಕ್ಕಿನ ಫಲಕ. ಅದರ ಮೇಲಿರಬೇಕಾದ, ಡಿಸ್ಕಿಗೆ ಉಜ್ಜುವ ಪದರ ಪೂರಾ ಸವೆದುಹೋಗಿತ್ತು. ನಾಲಿಗೆ ಇರಬೇಕಾದ ಜಾಗದಲ್ಲಿ ಅಕ್ಕಿಕಾಳಿನಷ್ಟು ಮೋಟು.

ಮೇಸ್ತ್ರಿ ಅದನ್ನು ದೀಪದ ಕೆಳಗೆ ಹಿಡಿದು, ಹೆಬ್ಬೆರಳಿನಿಂದ ಸವರಿದರು.

"ಇದು ನನ್ನ ಕೆಲಸ ಅಲ್ಲ."

"ಈಗ ತಾನೆ ಒಪ್ಪಿಕೊಂಡ್ರಿ."

"ನಾನು ಮಡಚ್ತೀನಿ. ಮಡಚಿದ್ದನ್ನ ನೆಟ್ಟಗೆ ಮಾಡ್ತೀನಿ. ಇದನ್ನ ಕತ್ತರಿಸಿದಾರೆ. ಕಟಿಂಗ್ ಪ್ಲೇಯರ್ ಇಟ್ಟು ಒಂದೇ ಏಟಿಗೆ. ಅದೂ ಇಲ್ಲಿಂದ ಪಾಸಾಗಿ ಹೋದ ಮೇಲೆ." ಅವರು ಮೋಟನ್ನು ಅವಳ ಕಡೆ ತಿರುಗಿಸಿದರು. "ನಾನು ಪಾಸು ಅಂದ ಮಾಲು ರಸ್ತೇಲಿ ಕೀರ್‍ತಾ ಇತ್ತು. ಕೀರದೆ ಇನ್ನೇನು, ಅಲ್ಲಿ ಮಡಚೋಕೆ ನಾನಿಲ್ವಲ್ಲ. ಸದ್ದು ಅಂತ ದೂರು ಬರ್‍ತಾ ಇತ್ತು, ಉಗ್ರಾಣದ ನಷ್ಟದ ಲೆಕ್ಕಕ್ಕೇ ಡಬ್ಬಿಗಟ್ಟಲೆ ವಾಪಸ್ ಬರ್‍ತಾ ಇತ್ತು. ಎರಡು ತಿಂಗಳಿಂದ ಒಂದೂ ಬಂದಿಲ್ಲ. ನಾನು ಖುಷಿ ಪಟ್ಟೆ, ಮೂರ್ಖ. ಯಾರೋ ಕೂತು ಎಲ್ಲದರ ನಾಲಿಗೆ ಕತ್ತರಿಸ್ತಾ ಇದಾರೆ."

"ಎಲ್ಲದರದ್ದೂ?"

"ಈ ಒಂದು ಕಾರು ಬಿದ್ದಿದೆ. ಬಾಕಿ ಕಾರುಗಳಿಗೆ ಪ್ಯಾಡು ಇನ್ನೂ ಸವೆದಿಲ್ಲ, ಅಷ್ಟೇ."

ಅಕ್ಕ ಪ್ಯಾಡನ್ನು ವಾಪಸ್ ತಗೊಂಡು ಮೋಟಿನ ಕತ್ತರಿಸಿದ ಅಂಚನ್ನು ನೋಡಿದಳು. ನುಣ್ಣಗಿತ್ತು. ಆದರೆ ಸರಿಯಾಗಿ ನಡುವೆ ಒಂದು ಸಣ್ಣ ಏಣು. ಕತ್ತರಿಯ ಬಾಯಲ್ಲಿ ಅಷ್ಟು ಜಾಗ ಮುಕ್ಕಾಗಿದ್ದರೆ ಮಾತ್ರ ಉಳಿಯುವಂಥ ಏಣು.

ಆ ಮುಕ್ಕು ಅವಳಿಗೆ ಗೊತ್ತಿತ್ತು. ಮಾಡಿದವಳೇ ಅವಳು.

ಹನ್ನೆರಡು ವರ್ಷದವಳಿದ್ದಾಗ ಅಪ್ಪನ ಕಟಿಂಗ್ ಪ್ಲೇಯರ್ ತಗೊಂಡು ಸೈಕಲ್ಲಿನ ಕಡ್ಡಿ ಕತ್ತರಿಸಲು ಹೋಗಿದ್ದಳು. ಕಡ್ಡಿ ಗಟ್ಟಿ, ಬಾಯಿ ಮುಕ್ಕಾಯಿತು. ಹಿಡಿಕೆಗೆ ಕೆಂಪು ಟೇಪು ಸುತ್ತಿ ಅಪ್ಪ ಮಗುವಿನ ಹಾಗೆ ನೋಡಿಕೊಂಡಿದ್ದ ಸಾಮಾನು ಅದು. ಯಾರು ಮಾಡಿದ್ದು ಎಂದು ಅಪ್ಪ ಗುಡುಗಿದಾಗ ಎಂಟು ವರ್ಷದ ತಮ್ಮ ಮುಂದೆ ಬಂದು, ನಾನೇ ಎಂದಿದ್ದ. ಏಟು ತಿಂದಿದ್ದ. ಅಪ್ಪ ಹೋದ ಮೇಲೆ ಆ ಕಟಿಂಗ್ ಪ್ಲೇಯರ್ ಫಿಟ್ಟರ್ ಆದ ತಮ್ಮನಿಗೇ ಬಂತು.

ಆ ಮುಕ್ಕು ಬಾಯಿಯ ಗುರುತು ಈಗ ಸತ್ತವನ ಬ್ರೇಕಿನ ಮೇಲಿತ್ತು. ತಮ್ಮನನ್ನು ಬಿಡಿಸಬೇಕಾದ ಸಾಕ್ಷಿ ಇದೊಂದೇ, ಅವನನ್ನು ಮುಳುಗಿಸುವುದೂ ಇದೇ. ಅವನು ಅಷ್ಟು ಸುಲಭವಾಗಿ ಸಹಿಗೆ ಒಪ್ಪಿದ್ದು ಯಾಕೆಂದು ಅವಳಿಗೆ ಈಗ ಹೊಳೆದಂತಾಯಿತು. ಅವಳು ಪ್ಯಾಡನ್ನು ಕರವಸ್ತ್ರದಲ್ಲಿ ಮುಚ್ಚಿದಳು.

"ಏನಾಯ್ತು?" ಎಂದರು ಮೇಸ್ತ್ರಿ.

"ಏನಿಲ್ಲ. ಸೆಕೆ."

"ಸೆಕೆ ಅಲ್ಲಮ್ಮ." ಅವರು ಸೂರಿನ ಮೂಲೆಯ ಜಾಲರಿ ತೋರಿಸಿದರು. "ಗಾಳಿ. ಫ್ಯಾನು ಸದ್ದು ಮಾಡುತ್ತೆ ಅಂತ ಅದನ್ನ ಆರಿಸಿದ್ರೆ ಕೊಳವೆಗೆ ಮುಚ್ಚಳ ಬೀಳೋ ಹಾಗೆ ಮಾಡಿದೀವಿ. ನಿಮಗೆ ಮೌನ ತೋರಿಸೋಣ ಅಂತ ಆರಿಸೇ ಒಳಗೆ ಬಂದ್ವಿ. ಸ್ವಿಚ್ಚು ಹೊರಗಿದೆ."

"ಎಷ್ಟು ಹೊತ್ತು ತಡೆಯುತ್ತೆ?"

"ಇಬ್ಬರಿಗೆ ಸೋಮವಾರದ ತನಕ ತಡೆಯಲ್ಲ."

ಮೇಸ್ತ್ರಿ ಇದನ್ನು ಹವಾಮಾನ ಹೇಳುವವರ ಹಾಗೆ ಹೇಳಿದರು. ಅಕ್ಕ ನೆಲಕ್ಕೆ ಕೂತಳು. ಇಷ್ಟು ಹೊತ್ತು ದೊಡ್ಡದಾಗಿ ಕಂಡಿದ್ದ ಕೋಣೆ ಈಗ ಬಟ್ಟೆಯ ಬೀರುವಿನಷ್ಟಾಯಿತು. ಬೆಣೆಗಳು ಎಲ್ಲಾ ಕಡೆಯಿಂದಲೂ ಅವಳ ಕಡೆಗೇ ಚಾಚಿದ್ದವು.

ಅವಳ ಕಣ್ಣು ಮೈಕಿನ ಮೇಲೆ ಬಿತ್ತು. ಅದರ ಬುಡದಲ್ಲಿ ಸಾಸಿವೆಯಷ್ಟು ಹಸಿರು ದೀಪ.

"ಇದು ಉರೀತಿದೆಯಲ್ಲ."

"ಯಾವಾಗಲೂ ಉರಿಯುತ್ತೆ. ಉದ್ದುದ್ದ ಪರೀಕ್ಷೆ ನಡೆಯೋವಾಗ ಇಲ್ಲೇ ಕೂರೋಕಾಗಲ್ಲ. ಅದಕ್ಕೆ ಬ್ರೇಕು ಕಿರುಚಿದ್ರೆ ತಾನಾಗೇ ಫೋನಿಗೆ ಮೆಸೇಜ್ ಹೋಗೋ ಹಾಗೆ ನಾನೂ ನಿಮ್ಮ ತಮ್ಮನೂ ಸೇರಿ ಮಾಡಿಟ್ವಿ."

ಅಕ್ಕ ನೆಟ್ಟಗೆ ಕೂತಳು. "ಯಾರ ಫೋನಿಗೆ?"

"ನಂದಕ್ಕೆ. ಅದು ಹೊರಗೆ ಟ್ರೇಲಿದೆ."

"ಮತ್ತೆ?"

"ನಿಮ್ಮ ತಮ್ಮಂದಕ್ಕೆ." ಮೇಸ್ತ್ರಿ ಬಾಯಿ ತೆರೆದವರು ಹಾಗೇ ಇದ್ದರು. "ಅವನ ಫೋನು ಎಲ್ಲಿದೆ?"

"ಇನ್‌ಸ್ಪೆಕ್ಟರ್ ಮೇಜಿನ ಮೇಲೆ. ನಾನು ಆಗಿಂದ ಕೂಗ್ತಾನೇ ಇದೀನಲ್ಲ, ಅದು ಯಾಕೆ ಹೋಗಲಿಲ್ಲ?"

"ಮನುಷ್ಯರ ಕೂಗು ಅದಕ್ಕೆ ಬೇಡ. ಬ್ರೇಕಿನ ಶ್ರುತೀಲಿ ಗಟ್ಟಿಯಾಗಿ ಬಂದ್ರೆ ಮಾತ್ರ. ಡಿಸ್ಕು ಕೂಗಬೇಕು. ತಿರುಗಿಸೋ ಮೋಟಾರಂತೂ ಹೊರಗಿದೆ."

"ತಿರುಗಿಸದೆ, ಬಡಿದ್ರೆ?"

ಮೇಸ್ತ್ರಿ ಅವಳನ್ನೇ ನೋಡಿದರು. ಆಮೇಲೆ ಎದ್ದು, ಕ್ಯಾಲಿಪರನ್ನು ಕೈಯಲ್ಲೇ ಅಲುಗಿಸಿ ಅಲುಗಿಸಿ ಪ್ಯಾಡುಗಳನ್ನು ಡಿಸ್ಕಿನಿಂದ ದೂರ ಸರಿಸಿದರು. ಡಿಸ್ಕಿನ ಮೈಗೆ ತಾಗುವಂಥದ್ದು ಈಗ ಏನೂ ಉಳಿಯಲಿಲ್ಲ.

"ಗಂಟೆ ಹಾಗೆ ಮೊಳಗುತ್ತೆ," ಎಂದರು. "ಬಡಿಯೋಕೆ ಉಕ್ಕು ಬೇಕು. ಏನಿದೆ?"

ಕೈಗೆ ತೆಗೆದುಕೊಳ್ಳಬಹುದಾದ ಉಕ್ಕು ಅಂತ ಅಲ್ಲಿದ್ದದ್ದು ಒಂದೇ. ಅಕ್ಕ ಕರವಸ್ತ್ರ ಬಿಚ್ಚಿದಳು.

ಅಂಗೈಯಗಲದ ಫಲಕ. ಒಂದು ತುದಿ ಬೋಳು, ಇನ್ನೊಂದು ತುದಿಯಲ್ಲಿ ಆ ಮೋಟು. ಮೋಟಿನ ಕಡೆಯಿಂದ ನಾಲ್ಕು ಏಟು ಬಡಿದರೆ ಸಾಕು, ಏಣು ಚಪ್ಪಟೆಯಾಗಿ ಅಳಿಸಿಹೋಗುತ್ತದೆ. ಯಾರೂ ಕೇಳುವ ಹಾಗಿಲ್ಲ. ಪ್ರಾಣ ಉಳಿಸಿಕೊಳ್ಳಲು ಬಡಿದೆ, ಕೈಗೆ ಹೇಗೆ ಸಿಕ್ಕಿತೋ ಹಾಗೆ ಬಡಿದೆ ಎಂದರೆ ಇನ್‌ಸ್ಪೆಕ್ಟರ್ ಕೂಡ ಅಯ್ಯೋ ಪಾಪ ಎನ್ನುತ್ತಾನೆ. ಮೇಸ್ತ್ರಿ ಒಪ್ಪಿಕೊಂಡಾಗಿದೆ. ತಮ್ಮ ಮನೆಗೆ ಬರುತ್ತಾನೆ.

ಎಂಟು ವರ್ಷದ ತಮ್ಮನ ಕೆನ್ನೆಯ ಮೇಲೆ ಅಪ್ಪನ ಬೆರಳು ಮೂಡಿದ್ದು ಅವಳಿಗೆ ಕಾಣಿಸಿತು. ಅವತ್ತು ಅವಳು ಬಾಗಿಲ ಹಿಂದೆ ನಿಂತು ಬಾಯಿ ಬಿಟ್ಟಿರಲಿಲ್ಲ.

ಮೀಸೆ ಡ್ರೈವರನ ಇಬ್ಬರು ಹೆಣ್ಣುಮಕ್ಕಳೂ ಕಾಣಿಸಿದರು. ಜೊತೆಗೆ ಸವೆಯುತ್ತಾ ಓಡಾಡುತ್ತಿರುವ ಬಾಕಿ ಕಾರುಗಳು.

"ಏನು ಯೋಚನೆ?" ಎಂದರು ಮೇಸ್ತ್ರಿ. "ಹೊತ್ತಾಗ್ತಿದೆ."

ಅಕ್ಕ ಪ್ಯಾಡನ್ನು ತಿರುಗಿಸಿದಳು. ಮೋಟು ಅಂಗೈಯೊಳಗೆ ಬರುವಂತೆ ಹಿಡಿದು, ಬೋಳು ತುದಿಯಿಂದ ಡಿಸ್ಕಿಗೆ ಬಡಿದಳು.

ಡಿಸ್ಕು ಕೂಗಿತು. ಒಂದೇ ಶುದ್ಧ ಶ್ರುತಿ, ಕಿವಿಯೊಳಗೆ ಸೂಜಿ ಹೋದ ಹಾಗೆ. ಹಸಿರು ದೀಪ ಕೆಂಪಾಗಿ, ಮತ್ತೆ ಹಸಿರಾಯಿತು.

"ಹೋಯ್ತು," ಎಂದರು ಮೇಸ್ತ್ರಿ. ಬದುಕಿಡೀ ಯಾವ ಸದ್ದನ್ನು ಅಡಗಿಸಿದ್ದರೋ ಅದನ್ನು ಕೇಳಿ ಅವರ ಕಣ್ಣಲ್ಲಿ ನೀರು ನಿಂತಿತ್ತು. "ಇನ್ನೊಂದು."

"ಅವರಿಗೆ ಇದು ಅರ್ಥ ಆಗುತ್ತಾ? ಯಾವುದೋ ಪರೀಕ್ಷೆ ನಡೀತಿದೆ ಅಂತ ಸುಮ್ಮನಾದ್ರೆ?"

"ಇನ್‌ಸ್ಪೆಕ್ಟರಿಗೆ ಆಗಲ್ಲ. ನಿಮ್ಮ ತಮ್ಮನಿಗೆ ತೋರಿಸಿದ್ರೆ ಆಗುತ್ತೆ. ಮೆಸೇಜಲ್ಲಿ ಡಿಸ್ಕಿನ ವೇಗವೂ ಇರುತ್ತೆ."

"ಈಗ ವೇಗ ಎಷ್ಟು?"

"ಸೊನ್ನೆ. ನಿಂತಿರೋ ಬ್ರೇಕು ಕಿರುಚಲ್ಲ ಅಂತ ಅವನಿಗೆ ಕಲಿಸಿದವನು ನಾನೇ."

ಅವಳು ಬಡಿದಳು. ಹತ್ತಕ್ಕೊಂದು ಸಲ ನಿಲ್ಲಿಸಿ, ಮತ್ತೆ ಬಡಿದಳು. ಪ್ರತಿ ಏಟಿಗೂ ಮೋಟು ಅಂಗೈಗೆ ನಾಟುತ್ತಿತ್ತು. ಎರಡೂವರೆಯ ಹೊತ್ತಿಗೆ ಮಣಿಕಟ್ಟಿನ ತನಕ ರಕ್ತ ಇಳಿದಿತ್ತು. ಮೇಸ್ತ್ರಿ ನಾನು ಬಡಿಯುತ್ತೇನೆ ಕೊಡಿ ಎಂದರೆ ಅವಳು ಕೊಡಲಿಲ್ಲ. ಯಾವ ಕಡೆಯಿಂದ ಹಿಡಿಯಬೇಕೆಂದು ಅವರಿಗೆ ಹೇಗೆ ಹೇಳುವುದು.

ಮೂರರ ಮೇಲೆ ಗಾಳಿ ಭಾರವಾದಂತೆ ತೋರಿತು. ಅದು ಗಾಳಿಯೋ ಬರೀ ಹೆದರಿಕೆಯೋ ತಿಳಿಯದು. ತಲೆಯಲ್ಲಿ ಒಂದೇ ಸಮ ಗುಂಯ್ಗುಟ್ಟುತ್ತಿತ್ತು. ಮೇಸ್ತ್ರಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು. ಮಾತಾಡಿಸಿದರೆ ಕೈ ಮಾತ್ರ ಎತ್ತುತ್ತಿದ್ದರು. ಮೂರೂ ಮುಕ್ಕಾಲು ಆಯಿತು. ತಮ್ಮನ ಮುಂದೆ ಈಗ ಕಾಗದ ಇಟ್ಟಿರುತ್ತಾರೆ. ಅಕ್ಕ ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡು ಬಡಿದಳು.

ರಬ್ಬರಿನ ಅಂಚು ಉಸ್ಸೆಂದಿತು.

ಬಾಗಿಲು ತೆರೆದಾಗ ಮೊದಲು ಒಳಗೆ ನುಗ್ಗಿದ್ದು ಸದ್ದು. ಎಲ್ಲೋ ಹೋಗುತ್ತಿದ್ದ ಲಾರಿ, ಬೂಟುಗಳು, ಯಾರದೋ ಏದುಸಿರು. ಅದರ ಹಿಂದೆ ಇನ್‌ಸ್ಪೆಕ್ಟರ್. ಅವನನ್ನು ತಳ್ಳಿಕೊಂಡು ತಮ್ಮ ಬಂದ. ಅವನ ಕೈಗೆ ಬೇಡಿಯಿತ್ತು.

"ಅಕ್ಕ," ಎಂದ. ಅಷ್ಟು ಎತ್ತರದ ಗಂಡಸು ಮಗುವಿನ ಹಾಗೆ ಅತ್ತ. "ನಿಂತಿರೋ ಡಿಸ್ಕು ಕೂಗ್ತಿದೆ ಸಾರ್, ಒಳಗೆ ಯಾರೋ ಇದಾರೆ ಅಂತ ಎಷ್ಟು ಬೇಡಿಕೊಂಡೆ ಗೊತ್ತಾ. ನಾನು ಸಹಿ ಹಾಕಿಲ್ಲ."

ಅಕ್ಕ ಅವನ ತಲೆ ಸವರಿದಳು, ಎಡಗೈಯಿಂದ. ಬಲಗೈ ಮುಷ್ಟಿ ಬಿಚ್ಚಲಿಲ್ಲ. ಹೊರಗಿನ ಗಾಳಿಗೆ ಬಂದು ನಿಂತರೂ ಅವಳಿಗೆ ಉಸಿರು ಸಲೀಸಾಗಲಿಲ್ಲ. ಹಿಂದೆ ಪೇದೆಯೊಬ್ಬ ಮೇಸ್ತ್ರಿಯನ್ನು ಎತ್ತಿ ಕೂರಿಸಿ ನೀರು ಕುಡಿಸುತ್ತಿದ್ದ.

"ಚಿಲಕಕ್ಕೆ ಬೀಗ ಇರಲಿಲ್ಲ ಅಮ್ಮ," ಎಂದ ಇನ್‌ಸ್ಪೆಕ್ಟರ್. "ಕೊಂಡಿಗೆ ಇದನ್ನ ಸಿಗಿಸಿದ್ರು."

ಅವನ ಕರವಸ್ತ್ರದ ಮೇಲೆ ಒಂದು ಹಳೆಯ ಕಟಿಂಗ್ ಪ್ಲೇಯರ್ ಇತ್ತು. ಹಿಡಿಕೆಗೆ ಮಾಸಿದ ಕೆಂಪು ಟೇಪು. ಬಾಯಿಯ ನಡುವೆ ಸಣ್ಣ ಮುಕ್ಕು.

ಅಕ್ಕ ಅದನ್ನು ನೋಡಿದಳು, ತಮ್ಮನ ಬೇಡಿಯನ್ನು ನೋಡಿದಳು. ಗುರುವಾರದಿಂದ ಅವನು ಠಾಣೆ ಬಿಟ್ಟು ಕದಲಿಲ್ಲ. ಎದೆಯ ಮೇಲಿನ ಕಲ್ಲು ಇಳಿದಂತಾಗಿ, ಅವಳು ನಿಧಾನವಾಗಿ ಮುಷ್ಟಿ ಬಿಚ್ಚಿ ಪ್ಯಾಡನ್ನು ಇನ್‌ಸ್ಪೆಕ್ಟರನ ಕೈಗೆ ಕೊಟ್ಟಳು. ಮೋಟು ಹಾಗೇ ಇತ್ತು.

"ಇದನ್ನ ಕತ್ತರಿಸಿದ್ದೂ ಅದೇ ಕಟಿಂಗ್ ಪ್ಲೇಯರು," ಎಂದು, ತಮ್ಮನ ಕಡೆ ತಿರುಗಿದಳು. "ಅಪ್ಪನದು. ನಿನ್ನ ಹತ್ರ ಇತ್ತಲ್ಲ. ಯಾರಿಗೆ ಕೊಟ್ಟಿದ್ದೆ?"

ತಮ್ಮ ನೆಲ ನೋಡಿದ.

"ಕೇಳ್ತಿರೋದು ನಾನು ಕಣೋ."

"ಬೇಡ ಅಕ್ಕ."

"ಹೇಳು."

"ಎರಡು ತಿಂಗಳಾಯ್ತು," ಎಂದ ಅವನು. "ಮನೇಲಿ ವೈರು ಕತ್ತರಿಸೋಕೆ ಬೇಕು ಅಂದ್ರು. ಬಾವಂಗೆ ಕೊಟ್ಟೆ. ಠಾಣೇಲಿ ಆ ಪ್ಯಾಡಿನ ಮೋಟು ನೋಡಿದಾಗಲೇ ನಂಗೆ ಗೊತ್ತಾಯ್ತು. ನಾನು ಹೇಳಿದ್ರೆ ನಿನ್ನ ಸಂಸಾರ ಏನಾಗುತ್ತೆ, ಅದಕ್ಕೇ..."

ಟ್ರೇಯಲ್ಲಿ ಅಕ್ಕನ ಫೋನು ಅದುರತೊಡಗಿತು. ತಗಡಿನ ಮೇಲೆ ಅದು ತಾನಾಗೇ ಸರಿಯುತ್ತಾ ಅಂಚಿಗೆ ಬಂತು. ಅವಳ ಗಂಡ. ಇದಕ್ಕೆ ಮುಂಚೆಯೂ ಆರು ಸಲ ಮಾಡಿದ್ದ. ಇನ್‌ಸ್ಪೆಕ್ಟರ್ ತುಟಿಯ ಮೇಲೆ ಬೆರಳಿಟ್ಟು, ಎತ್ತಿ ಎಂದು ಸನ್ನೆ ಮಾಡಿದ.

ಅವಳು ರಕ್ತದ ಬೆರಳಿನಲ್ಲೇ ಸ್ಪೀಕರ್ ಒತ್ತಿದಳು.

"ಹೇಳಿ," ಎಂದಳು.

ಆ ಕಡೆ ಏನೂ ಕೇಳಲಿಲ್ಲ. ಒಳಗಿನ ಕೋಣೆಯಲ್ಲಿ ಎರಡೂವರೆ ಗಂಟೆ ಕೂತಿದ್ದಾಗಲೂ ಅಕ್ಕ ಅಂಥ ಮೌನ ಕೇಳಿರಲಿಲ್ಲ. ಆಮೇಲೆ ಗಂಡನ ದನಿ, ಪ್ರತಿ ದಿನದ್ದೇ ದನಿ, ಸ್ವಲ್ಪ ಮೆಲ್ಲಗೆ ಬಂತು.

"ಬಾಗಿಲು ಯಾರು ತೆಗೆದ್ರು?"